ಸಿಡಿ ಪೆಟ್ಟಿಗೆಯ ಪರಿಭಾಷೆ

ಯಂತ್ರ ಸತ್ತ ಮೇಲೂ ಅದರ ರಿಮೋಟು ಮನೆಯಲ್ಲಿ ಬಹಳ ಕಾಲ ಬದುಕಿರುತ್ತದೆ. ಬೇಕಾದರೆ ನಿಮ್ಮ ಮನೆಯ ಟಿವಿ ಕೆಳಗಿನ ಡ್ರಾಯರು ಎಳೆದು ನೋಡಿ, ಯಾವುದಕ್ಕೂ ಸೇರದ ಒಂದೆರಡು ಅನಾಥ ರಿಮೋಟುಗಳು ಸಿಕ್ಕೇ ಸಿಗುತ್ತವೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಿಂದ ಡಿವಿಡಿ ಪ್ಲೇಯರು ಗುಜರಿಯವನ ತಳ್ಳುಗಾಡಿ ಹತ್ತಿ ಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ಡ್ರಾಯರು ಸ್ವಚ್ಛ ಮಾಡುತ್ತಿದ್ದ ನನ್ನ ಹೆಂಡತಿ ಶೈಲಾ ಅದರ ರಿಮೋಟನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನ ಇನ್ನೂ ಯಾಕ ಇಟ್ಕಂಡೀರಿ? ಒಗೀಲಾ?” ಎಂದಳು. ನಾನು ಓಡಿಹೋಗಿ ಕಸಿದುಕೊಂಡೆ.

ಗುಂಡಿಗಳ ಮೇಲಿನ ಅಕ್ಷರವೆಲ್ಲ ಸವೆದಿತ್ತು. ‘ಆಂಗಲ್’ ಎನ್ನುವ ಗುಂಡಿಯೊಂದು ಮಾತ್ರ ಅಂಗಡಿಯಿಂದ ತಂದ ದಿನದಂತೆ ಹೊಳೆಯುತ್ತಿತ್ತು. ಒಂದೇ ದೃಶ್ಯವನ್ನು ಬೇರೆ ಬೇರೆ ಕ್ಯಾಮೆರಾದ ಕಡೆಯಿಂದ ನೋಡಲು ಈ ಗುಂಡಿ ಎಂದು ಪ್ಲೇಯರಿನ ಜೊತೆ ಬಂದ ಕೈಪಿಡಿ ಹೇಳುತ್ತಿತ್ತು. ಡಿಸ್ಕಿನಲ್ಲಿ ಅಂಥ ಸೌಲಭ್ಯ ಇದ್ದರೆ ಮಾತ್ರ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದಾವಣಗೆರೆಗೆ ಬಂದ ಯಾವ ಡಿಸ್ಕಿನಲ್ಲೂ ಅದು ಇರಲಿಲ್ಲ. ಆದರೂ ನಾನು ಆಗೀಗ ಒಂದು ಸಲ ಒತ್ತಿ ನೋಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಅಡ್ಡಗೆರೆ ಹೊಡೆದ ಒಂದು ಅಂಗೈ ಮೂಡಿ, ಸುಮ್ಮನೆ ಕೂತುಕೋ ಎಂದು ಹೇಳಿ ಮರೆಯಾಗುತ್ತಿತ್ತು. ಮಂಡಿಪೇಟೆಯಲ್ಲಿ ಬೆಲ್ಲ, ಕಾಳುಕಡಿಯ ಸಗಟು ಅಂಗಡಿ ನಡೆಸುವ ನನಗೆ ಆ ಅಂಗೈಯಷ್ಟು ಗಟ್ಟಿಯಾಗಿ ‘ಇಲ್ಲ’ ಎಂದ ಗಿರಾಕಿ ಇನ್ನೊಬ್ಬರಿಲ್ಲ.

ಕೈಪಿಡಿ ಓದುವುದು ನನ್ನ ಚಟ. ಕೆಲವರಿಗೆ ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಮಿಕ್ಸರು ತಂದರೂ ಮೊದಲು ಕೈಪಿಡಿ ಓದಿ ಮುಗಿಸಬೇಕು, ಅಲ್ಲಿಯವರೆಗೆ ಚಟ್ನಿಗೆ ಕಾಯಿ ತುರಿಯುವಂತಿಲ್ಲ. ಡಿವಿಡಿ ಪ್ಲೇಯರು ಬಂದಾಗಲಂತೂ ಮನೆಯವರೆಲ್ಲ ಸಿನಿಮಾ ನೋಡಲು ಚಾಪೆ ಹಾಸಿ ಕೂತಿದ್ದರೆ, ನಾನು ದೀಪದ ಕೆಳಗೆ ನಿಂತು ‘ರೀಜನ್ ಕೋಡ್’ ಎಂದರೆ ಏನು ಎಂದು ಗಟ್ಟಿಯಾಗಿ ಓದಿ ಹೇಳಿದೆ. ಜಗತ್ತನ್ನು ವಲಯಗಳಾಗಿ ಹಂಚಿದ್ದಾರೆ, ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಪ್ಲೇಯರಿನಲ್ಲಿ ಆಡುವುದಿಲ್ಲ, ನಾವು ಐದನೆಯ ವಲಯದವರು ಎಂದು ವಿವರಿಸಿದೆ. ಹರಿಹರದಿಂದ ಬಂದಿದ್ದ ನಮ್ಮ ಭಾವ, ಅಂದರೆ ಕಬ್ಬಿಣದ ವ್ಯಾಪಾರಿಯಾದ ನನ್ನ ಅಕ್ಕನ ಗಂಡ, ಎಲ್ಲವನ್ನೂ ಕೇಳಿ, “ಹರಿಹರ ಎಷ್ಟನೇದ್ರಾಗೆ ಬರ್ತೈತಪ್ಪಾ?” ಎಂದು ಗಂಭೀರವಾಗಿ ಕೇಳಿದರು. ಅದೂ ಐದರಲ್ಲೇ ಎಂದೆ. “ಹಂಗಾದ್ರೆ ಸರಿ, ಹಾಕು” ಎಂದರು. ಅವರು ತಮಾಷೆ ಮಾಡಿದರೋ ನಿಜವಾಗಿ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಬ್ಬಿಣದ ವ್ಯಾಪಾರಿಗಳ ಮುಖದ ಮೇಲೆ ಏನೂ ಓದಲಾಗುವುದಿಲ್ಲ.

ಇಷ್ಟೆಲ್ಲ ಪಾಠ ಮಾಡಿದರೂ ನಮ್ಮವರಿಗೆ ಎಲ್ಲವೂ ‘ಸಿಡಿ’ಯೇ. ಡಿಸ್ಕೂ ಸಿಡಿ, ಪ್ಲೇಯರೂ ಸಿಡಿ, ಅದರೊಳಗಿನ ಸಿನಿಮಾ ಕೂಡ ಸಿಡಿ. “ಸಿಡಿಗೆ ಸಿಡಿ ಹಾಕಿ ಸಿಡಿ ನೋಡಣ” ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಅದು ಸಿಡಿ ಅಲ್ಲ, ಡಿವಿಡಿ ಎಂದು ತಿದ್ದುತ್ತಿದ್ದವನು ನಾನೊಬ್ಬನೇ. ತಿದ್ದಿದ್ದಕ್ಕೆ ಸಿಕ್ಕ ಫಲವೆಂದರೆ ‘ಮ್ಯಾನ್ಯುಯಲ್ ಮಾಮ’ ಎಂಬ ಬಿರುದು. ಕೊಟ್ಟವಳು ಅಕ್ಕನ ಮಗಳು ಅಕ್ಷತಾ, ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು ಅವಳದು.

ಆ ಅಕ್ಷತಾಳಿಗೆ ಈಗ ಮದುವೆ. ರಿಮೋಟು ಹಿಡಿದು ಇಷ್ಟು ಹೊತ್ತು ಸುತ್ತಿ ಬಂದದ್ದು ಈ ವಿಷಯಕ್ಕೇ.

ನಮ್ಮ ಕಡೆ ಮದುಮಗಳನ್ನು ಮಂಟಪಕ್ಕೆ ತರುವವನು ಸೋದರಮಾವ. ಹಿಂದೆಲ್ಲ ಎತ್ತಿಕೊಂಡೇ ತರುತ್ತಿದ್ದರು. ಈಗ ಮದುಮಗಳ ಸೀರೆ, ಒಡವೆ, ಸೋದರಮಾವನ ಸೊಂಟ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೈಹಿಡಿದು ನಡೆಸಿಕೊಂಡು ಬಂದರೂ ನಡೆಯುತ್ತದೆ. ಆದರೆ ಅವನು ಬಂದೇ ಬರಬೇಕು. ಅಕ್ಷತಾಳಿಗೆ ಇರುವ ಸೋದರಮಾವ ನಾನೊಬ್ಬನೇ. ಹೀಗಿರುವಾಗ ಅವಳ ತಾಯಿ ಗಿರಿಜಕ್ಕ ಭಾವನನ್ನು ಕರೆದುಕೊಂಡು ನಮ್ಮ ಮನೆಗೆ ಕರೆಯಲು ಬಂದಳು, ಶೈಲಾಳ ಹಣೆಗೆ ಕುಂಕುಮ ಇಟ್ಟಳು, ಲಗ್ನಪತ್ರಿಕೆ ಕೊಟ್ಟಳು, “ಮನೆಮಂದಿಯೆಲ್ಲ ಬಂದು ಊಟ ಮಾಡ್ಕಂಡು ಹೋಗ್ರಿ” ಎಂದಳು. ನಾನು ನಗುತ್ತಾ, “ಊಟ ಆಮ್ಯಾಲೆ ಆಯ್ತು. ಅಕ್ಷತಾನ ಮಂಟಪಕ್ಕೆ ಕರ್ಕಂಡು ಬರಾಕೆ ನಾನು ಎಷ್ಟೊತ್ತಿಗೆ ಬರ್ಲಿ ಹೇಳಕ್ಕಾ” ಎಂದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ, “ಅದಕ್ಕೆ ಇವರ ಕಡೇರು ಯಾರಾದ್ರು ಇರ್ತಾರೆ ಬಿಡು. ನಿಂಗ್ಯಾಕ ತ್ರಾಸು” ಎಂದಳು.

ಓಣಿಯ ಮೂಲೆಮನೆಯವರನ್ನು ಕರೆದ ಹಾಗೆ ಕರೆದು ಹೋದಳು. ಶೈಲಾ ಆ ದಿನ ಪಾತ್ರೆಗಳನ್ನು ತೊಳೆದ ಸದ್ದು ಪಕ್ಕದ ಬ್ಲಾಕಿಗೂ ಕೇಳಿಸಿರಬೇಕು. ನನಗೆ ಸಿಟ್ಟಿಗಿಂತ ನೋವಾಯಿತು. ಗಿರಿಜಕ್ಕ ನನಗಿಂತ ಬಹಳ ದೊಡ್ಡವಳು. ಚಿಕ್ಕವನಿದ್ದಾಗ ನಾನು ನೆಲದ ಮೇಲೆ ಇದ್ದದ್ದಕ್ಕಿಂತ ಅವಳ ಸೊಂಟದ ಮೇಲೆ ಇದ್ದದ್ದೇ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ.

ಅಕ್ಕನ ಮುನಿಸು ಹೊಸದೇನಲ್ಲ. ನನ್ನ ಮದುವೆಯಾದ ಕೆಲವು ದಿನಕ್ಕೆ ಶುರುವಾದದ್ದು. ಹಬ್ಬಕ್ಕೆ ಬರುತ್ತಿದ್ದಳು, ಕೂರುತ್ತಿರಲಿಲ್ಲ. ಕೂತರೂ ತಿನ್ನುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ನಿನ್ನ ಮದ್ವೆ ಸಿಡಿ ನೋಡ್ಕ, ಗೊತ್ತಾಗ್ತೈತೆ” ಎನ್ನುತ್ತಿದ್ದಳು. ನಾವು ಭಕ್ತಿಯಿಂದ ಹಾಕಿ ನೋಡುತ್ತಿದ್ದೆವು. ಎಲ್ಲವೂ ಸರಿಯಾಗಿಯೇ ಇತ್ತು. “ನೋಡಿದ್ವಕ್ಕಾ, ಬಾಳ ಚಂದ ಬಂದೈತೆ” ಎಂದು ಫೋನು ಮಾಡಿ ಹೇಳಿದರೆ ಅವಳು ಆ ಕಡೆಯಿಂದ ಫೋನು ಇಟ್ಟುಬಿಡುತ್ತಿದ್ದಳು.

ಆ ಡಿಸ್ಕಿನ ಬಗ್ಗೆಯೂ ಹೇಳಬೇಕು. ಶೈಲಾಳ ತವರಿನವರು ಗೊತ್ತುಮಾಡಿದ್ದ ವಿಡಿಯೋದವನು ಆಗಿನ ಕಾಲಕ್ಕೆ ಹೊಸತಾಗಿ ಬಂದಿದ್ದ ಅಗಲ ಚಿತ್ರದ ಕ್ಯಾಮೆರಾ ತಂದಿದ್ದ. ಒಂದು ಡಿಸ್ಕು ನಮಗೆ, ಅಂಥದೇ ಇನ್ನೊಂದು ಹರಿಹರಕ್ಕೆ. ಕೈಪಿಡಿಯ ಪ್ರಕಾರ ಡಿಸ್ಕಿನಲ್ಲಿ ಮೊದಲು ಬರುವ ಪಟ್ಟಿಗೆ ‘ಮೆನು’ ಎಂದೂ ಅದರೊಳಗಿನ ಭಾಗಗಳಿಗೆ ‘ಚಾಪ್ಟರ್’ ಎಂದೂ ಹೆಸರು. ನಮ್ಮ ಮದುವೆಯಲ್ಲಿ ಅರಿಷಿಣ, ದೇವರ ಕಾರ್ಯ, ಧಾರೆ, ಆರತಕ್ಷತೆ, ಊಟ ಎಂದು ಚಾಪ್ಟರುಗಳಿದ್ದವು. ಮನೆಗೆ ಬಂದ ನೆಂಟರು ಯಾರೂ ಮೊದಲಿಂದ ನೋಡುತ್ತಿರಲಿಲ್ಲ. ತಾವು ಯಾವ ಚಾಪ್ಟರಿನಲ್ಲಿ ಇದ್ದೇವೆಂದು ಹೇಳಿ ನೇರವಾಗಿ ಅಲ್ಲಿಗೇ ಹಾಕಿಸುತ್ತಿದ್ದರು. ತಮ್ಮ ಮುಖ ಬಂದು ಹೋದ ಮೇಲೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಊಟದ ಚಾಪ್ಟರಿನಲ್ಲಿ ಹೋಳಿಗೆ ಬಾಯಿಗಿಡುವಾಗ ಸಿಕ್ಕಿಬಿದ್ದವರು ಮಾತ್ರ ಅದನ್ನು ಹಾಕಬೇಡಿ ಎಂದು ಕೇಳಿಕೊಳ್ಳುತ್ತಿದ್ದರು. ಇನ್ನು ‘ಎ-ಬಿ ರಿಪೀಟ್’ ಎಂದರೆ ಬೇಕಾದ ತುಣುಕನ್ನು ಮತ್ತೆ ಮತ್ತೆ ತಾನಾಗಿಯೇ ತೋರಿಸುವ ಸೌಲಭ್ಯ. ನಾನು ಹಾರ ಹಾಕಲು ಹೋಗಿ ಶೈಲಾಳ ಕಿವಿಗೆ ಸಿಕ್ಕಿಸಿದ ತುಣುಕಿಗೆ ಅವಳು ಅದನ್ನು ಬಳಸುತ್ತಿದ್ದಳು. ನಾನು ಕಲಿಸಿಕೊಟ್ಟದ್ದರಲ್ಲಿ ಅವಳು ಮನಸ್ಸಿಟ್ಟು ಕಲಿತದ್ದು ಅದೊಂದೇ.

ಅಕ್ಕ ಕರೆದು ಹೋದ ಮೇಲೆ ಒಂದು ಭಾನುವಾರ ಅಕ್ಷತಾ ಫೋನು ಮಾಡಿದಳು. “ಮಾಮ, ನಿಮ್ಮ ಮದ್ವೆಯಾಗೆ ಅಮ್ಮ ಉಟ್ಟಿದ್ಲಲ್ಲ, ನೇರಳೆ ಅಂಚಿನ ಸೀರೆ, ಅದನ್ನ ನಾನು ಅರಿಷಿಣಕ್ಕೆ ಉಡ್ಬೇಕು ಅಂತ ಅದೀನಿ. ಹೆಂಗೆ ಕಾಣ್ತಿತ್ತು ಅಂತ ನೋಡಣ ಅಂದ್ರೆ ಸಿಡಿ ಓಡ್ತಿಲ್ಲ. ‘ನೋ ಡಿಸ್ಕ್’ ಅಂತೈತೆ. ಒಳಗೆ ಡಿಸ್ಕ್ ಐತೆ ಮಾಮ, ನಾನೇ ಹಾಕೀನಿ.” ಅವಳ ಲ್ಯಾಪ್‌ಟಾಪಿಗೆ ಡಿಸ್ಕು ಹಾಕುವ ಬಾಯೇ ಇಲ್ಲವಂತೆ. ನಮ್ಮ ಪ್ಲೇಯರು ಗುಜರಿಗೆ ಹೋಗಿತ್ತು. ಉಳಿದದ್ದು ಹರಿಹರದ್ದೊಂದೇ, ಯಾಕೆಂದರೆ ಭಾವ ಜೀವಮಾನದಲ್ಲಿ ಯಾವ ಸಾಮಾನನ್ನೂ ಒಗೆದವರಲ್ಲ. ದಪ್ಪ ಡಬ್ಬದ ಹಳೇ ಟಿವಿಯೂ ಅದರ ಕೆಳಗೆ ಪ್ಲೇಯರೂ ಅವರ ನಡುಮನೆಯಲ್ಲಿ ಕವಚ ತೊಟ್ಟು ಕೂತಿದ್ದವು.

ನನಗೆ ಹೋಗಲು ಒಂದು ನೆಪ ಬೇಕಿತ್ತು. “ಅವರು ಕರೀದೆ ಹೋಗ್ತೀರಾ?” ಎಂದು ಶೈಲಾ ಮುಖ ತಿರುಗಿಸಿದಳು. “ಕರೆದಿರೋದು ಪ್ಲೇಯರು” ಎಂದು ಹೇಳಿ ಗಾಡಿ ಹತ್ತಿದೆ.

ಅಕ್ಕ ಬಾಗಿಲಲ್ಲಿ “ಬಾ” ಎಂದಳು, ಅಷ್ಟೆ. ಭಾವ ಪೇಪರಿನ ಹಿಂದಿನಿಂದ “ಬಾರಪ್ಪ ವೀರೇಶ, ಕೂಡು” ಎಂದರು. ಅಕ್ಷತಾ ಟ್ರೇ ಹೊರಗೆ ತೆಗೆಸಿ ಡಿಸ್ಕು ನನ್ನ ಕೈಗಿತ್ತಳು. ನೋಡುತ್ತೇನೆ, ಡಿಸ್ಕಿನ ಹೊಳೆಯುವ ಮೈ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಭಾವ ತಕ್ಕಡಿಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಯಾವುದನ್ನೂ ಬಿಡುವವರಲ್ಲ. ಯಾವುದೋ ಒಂದು ಸಲ ಪ್ಲೇಯರಿಗೂ ಹಚ್ಚಿ, ಒಳಗಿದ್ದ ಡಿಸ್ಕನ್ನು ಹೊರಗೆ ತೆಗೆದು ಅದಕ್ಕೂ ಹಚ್ಚಿದ್ದರು.

“ಭಾವ, ಓದೋದು ಈ ಕಡೆ. ಹಚ್ಚಾದಿದ್ರೆ ಹೆಸರು ಬರೆದಿರೋ ಕಡೆ ಹಚ್ಬೇಕಿತ್ತು.”

“ಹೊಳಿಯಾ ಕಡೆ ಬಿಟ್ಟು ಬೆನ್ನಿಗೆ ಯಾರಾದ್ರು ವಿಭೂತಿ ಹಚ್ತಾರೇನಪ್ಪಾ?” ಎಂದರು ಭಾವ.

ಇದಕ್ಕೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಡಿಸ್ಕನ್ನು ಸುತ್ತಲೂ ತಿರುಗಿಸಿ ಒರೆಸಬಾರದು, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಮೆತ್ತಗೆ ಒರೆಸಬೇಕು ಎಂದಷ್ಟೇ ಇತ್ತು. ಹಾಗೆ ಒರೆಸುತ್ತಿದ್ದರೆ ಅಕ್ಕ ಅಡುಗೆಮನೆಯಿಂದಲೇ, “ವಿಭೂತಿ ಒರಸ್ತಾನಂತೆ, ಇಷ್ಟು ದಿನಕ್ಕೆ ಬಂದು” ಎಂದಳು. ಇಷ್ಟು ಮಾತಾಡಿದಳಲ್ಲ ಎಂದು ನನಗೆ ಸಂತೋಷವೇ ಆಯಿತು. ಒರೆಸಿ ಹಾಕಿದೆ. ಪ್ಲೇಯರು ಒಂದಷ್ಟು ಹೊತ್ತು ಗೊಣಗಿ, ಡಿಸ್ಕು ಇದೆ ಎಂದು ಒಪ್ಪಿಕೊಂಡಿತು.

ಧಾರೆಯ ಚಾಪ್ಟರು ಹಾಕಿದೆವು. ನಾನು, ಶೈಲಾ ಪರದೆ ತುಂಬ. ನಾನು ಅಷ್ಟು ದಪ್ಪ ಮೀಸೆ ಬಿಟ್ಟಿದ್ದೆ ಎಂಬುದು ಮರೆತೇಹೋಗಿತ್ತು. “ಅಮ್ಮ ಎಲ್ಲಿ?” ಎಂದು ಅಕ್ಷತಾ ಟಿವಿಗೆ ಮೂಗು ತಾಗಿಸಿದಳು. ಅಕ್ಕ ನನ್ನ ಮದುವೆಯ ಕಳಸಗಿತ್ತಿ, ಕಳಸ ಹಿಡಿದು ಮದುಮಗನ ಮಗ್ಗುಲಲ್ಲೇ ನಿಂತಿರಬೇಕಾದವಳು. ನಮ್ಮ ಮನೆಯ ಅಗಲ ಟಿವಿಯಲ್ಲಿ ನಿಂತೂ ಇದ್ದಳು. ಇಲ್ಲಿ ಮಾತ್ರ ಪರದೆಯ ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ, ಕಳಸದ ಮೇಲಿನ ತೆಂಗಿನಕಾಯಿಯ ಅರ್ಧ. ಅದೂ ಬರುತ್ತಿತ್ತು, ಹೋಗುತ್ತಿತ್ತು.

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. “ನೋಡ್ದೆಲ್ಲ. ಸ್ವಂತ ತಮ್ಮನ ಮದ್ವೆಯಾಗೆ ನಾನು ಅರ್ಧ ತೆಂಗಿನಕಾಯಿ ಆಗಿದ್ದೆ. ಅವತ್ತೇ ಆ ವಿಡಿಯೋದೋನು ಸರೀರಿ ಅಕ್ಕಾರ, ಸರೀರಿ ಅಂತಿದ್ದ. ನಿನ್ನ ಬೀಗರು ಹೇಳ್ಕೊಟ್ಟು ನನ್ನ ಕಟ್ ಮಾಡ್ಸಿದ್ರು. ನೀವಿಬ್ರೂ ಅದನ್ನ ನೋಡಿ, ಬಾಳ ಚಂದ ಬಂದೈತೆ ಅಂತ ನನಗೇ ಫೋನ್ ಮಾಡಿ ಹೇಳ್ತಿದ್ರಿ.”

ಇಷ್ಟು ವರ್ಷ ನಾವು ಎರಡು ಮನೆಯವರು ಒಂದೇ ಡಿಸ್ಕು ನೋಡಿ ಎರಡು ಮದುವೆ ನೋಡಿದ್ದೆವು. ಕೈಪಿಡಿಯ ಒಂದು ಪುಟ ಥಟ್ಟನೆ ಕಣ್ಣಿಗೆ ಬಂತು. ಅಗಲವಾದ ಚಿತ್ರವನ್ನು ಹಳೆಯ ಚೌಕ ಟಿವಿಯಲ್ಲಿ ತೋರಿಸಲು ಎರಡು ದಾರಿಗಳಿವೆ. ‘ಲೆಟರ್ ಬಾಕ್ಸ್’ ಎಂಬುದರಲ್ಲಿ ಇಡೀ ಚಿತ್ರ ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿಯುತ್ತದೆ. ‘ಪ್ಯಾನ್ ಸ್ಕ್ಯಾನ್’ ಎಂಬುದರಲ್ಲಿ ಪರದೆ ಪೂರ್ತಿ ತುಂಬುತ್ತದೆ, ಚಿತ್ರದ ಎರಡು ಪಕ್ಕಗಳು ಹೊರಗೆ ಉಳಿಯುತ್ತವೆ. ಪಕ್ಕದಲ್ಲಿ ಯಾರಿದ್ದಾರೆಂದು ಯಂತ್ರ ಕೇಳುವುದಿಲ್ಲ.

ರಿಮೋಟಿನಲ್ಲಿ ‘ಸೆಟಪ್’ ಒತ್ತಿದೆ. ಅಂದುಕೊಂಡಂತೆ ಅದು ಪ್ಯಾನ್ ಸ್ಕ್ಯಾನಿನಲ್ಲಿ ಕೂತಿತ್ತು. ಲೆಟರ್ ಬಾಕ್ಸಿಗೆ ಬದಲಿಸಿದೆ. ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ ಮೂಡಿತು.

ಭಾವ ಪೇಪರು ಇಳಿಸಿದರು. “ಅರೆ, ಆ ಕರಿಪಟ್ಟಿ ಮತ್ತೆ ಬಂತಲ್ಲೋ! ಅವತ್ತು ಎಷ್ಟು ಗುಂಡಿ ಒತ್ತಿ ಓಡಿಸಿದ್ದೆ ಅದನ್ನ.”

“ನೀವು ತೆಗೆದಿದ್ರಾ ಭಾವ? ಯಾಕ ತೆಗೆದ್ರಿ?”

“ನಿಮ್ಮಕ್ಕನ್ನೇ ಕೇಳು. ಸಿಡಿ ಬಂದ ದಿನ ಹಾಕಿದ್ವಿ. ಶುಭವಿವಾಹ ಅಂತ ಅಕ್ಷರ ಬಂತು, ಮ್ಯಾಲೆ ಕೆಳಗೆ ಕರೀದು. ನಿಲ್ಲಿಸ್ರಿ ಅಂದ್ಲು. ನನ್ನ ತಮ್ಮನ ಮದ್ವೆಗೆ ಕರೀದು ಬ್ಯಾಡ, ಒಳ್ಳೇದಲ್ಲ, ತೆಗೆದ್ರೇನೇ ಮುಂದೆ ನೋಡೋದು ಅಂತ ಹಟ ಹಿಡಿದ್ಲು. ತೆಗೆದೆ. ಟಿವಿನೂ ತುಂಬ ಕಾಣ್ತು, ನನಗೂ ಚಂದ ಅನ್ನಿಸ್ತು.”

ಮದುವೆಗೆ ಕಪ್ಪು ಆಗದು ಎಂದು ಸೂಜಿಯಷ್ಟು ಕಪ್ಪು ಎಳೆ ಇರುವ ಸೀರೆಯನ್ನೂ ಪಕ್ಕಕ್ಕಿಡುವವಳು ಅಕ್ಕ. ನನ್ನ ಮದುವೆಗೆ ಒಂದಿಷ್ಟೂ ಕಪ್ಪು ತಾಗಬಾರದೆಂದು ಒರೆಸಿ ಹಾಕಿಸಿದಳು. ಹಾಗೆ ಒರೆಸುವಾಗ ಚಿತ್ರದಿಂದ ಅವಳೂ ಅಳಿಸಿಹೋಗಿದ್ದಳು. ನಗಬೇಕೋ ಅಳಬೇಕೋ ಎಂದು ತಿಳಿಯಲಿಲ್ಲ. ಎರಡಕ್ಕೂ ನನ್ನ ಮುಖ ಸಿದ್ಧವಾಗಿ ಕೂತಿತ್ತು.

ಸೆಟಪ್ಪಿನಿಂದ ಹೊರಗೆ ಬಂದು ಧಾರೆಯನ್ನು ಮತ್ತೆ ಹಾಕಿದೆ. ನಾವೆಲ್ಲ ಸಣ್ಣಗಾಗಿದ್ದೆವು. ಆದರೆ ಅಂಚಿನಲ್ಲಿ ಗಿರಿಜಕ್ಕ ಪೂರ್ತಿ ಇದ್ದಳು. ನೇರಳೆ ಅಂಚಿನ ಸೀರೆ, ತುರುಬಿನ ತುಂಬ ಮಲ್ಲಿಗೆ, ಎರಡೂ ಕೈಯಲ್ಲಿ ಕಳಸ. “ಅಯ್ಯೋ ಅಮ್ಮ, ಎಷ್ಟು ತೆಳ್ಳಗಿದ್ದೆ ನೀನು!” ಎಂದು ಅಕ್ಷತಾ ಚೀರಿದಳು. ನಾನು ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ತಾಳಿಯನ್ನೋ ಕ್ಯಾಮೆರಾವನ್ನೋ ನೋಡುತ್ತಿದ್ದರು. ಅಕ್ಕ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದಿತ್ತು. ಕಳಸ ಬಿಡುವ ಹಾಗಿಲ್ಲ, ಒರೆಸಿಕೊಳ್ಳಲು ಕೈಯಿಲ್ಲ, ಹಾಗೇ ಬಿಟ್ಟು ನಿಂತಿದ್ದಳು.

ನಮ್ಮ ಮನೆಯ ಟಿವಿಯಲ್ಲಿ ಆ ಚಾಪ್ಟರನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಅಕ್ಕ ಅದರಲ್ಲಿ ಯಾವಾಗಲೂ ಪೂರ್ತಿಯೇ ಇದ್ದಳು. ನಾನು ನೋಡುತ್ತಿದ್ದುದು ನನ್ನ ಪೇಟ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು. ಅವಳ ಕಣ್ಣೀರು ನನಗೆ ಕಂಡದ್ದು ಅವತ್ತು, ಅವಳದೇ ನಡುಮನೆಯ ಆ ಡಬ್ಬ ಟಿವಿಯಲ್ಲಿ. ತಿರುಗಿ ನೋಡಿದರೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗ ಅವಳ ಕೈ ಖಾಲಿ ಇತ್ತು.

“ಆಯ್ತಲ್ಲ, ನೋಡಿದ್ವಲ್ಲ. ಮತ್ತೆ ಫುಲ್ ಮಾಡಪ್ಪ. ಟಿವಿ ಅರ್ಧ ದಂಡ ಆಗ್ತೈತೆ” ಎಂದರು ಭಾವ.

“ಇರ್ಲಿ ಬಿಡ್ರಿ” ಎಂದಳು ಅಕ್ಕ. ಎಷ್ಟು ಜೋರಾಗಿ ಎಂದರೆ ಭಾವ ಮತ್ತೆ ಪೇಪರಿನ ಹಿಂದೆ ಹೋದರು.

ಅವಳು ಒಳಗೆ ಹೋಗಿ ತುಂಬ ಹೊತ್ತು ಏನೇನೋ ಸದ್ದು ಮಾಡಿದಳು. ಬರುವಾಗ ಒಂದು ದೊಡ್ಡ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ. ನನ್ನ ಮುಂದೆ ಕುಕ್ಕಿದಳು. ಅವಳು ಪ್ರೀತಿಯಿಂದ ಇಟ್ಟರೂ ಹಾಗೇ, ಸಿಟ್ಟಿನಿಂದ ಇಟ್ಟರೂ ಹಾಗೇ, ಬಜ್ಜಿಯ ಸಂಖ್ಯೆ ನೋಡಿಯೇ ತಿಳಿದುಕೊಳ್ಳಬೇಕು. ತುಂಬ ಇದ್ದವು.

“ಶೈಲಾಗೆ ಹೇಳು. ಅಕ್ಷತಾಗೆ ಕಳಸ ಅವಳೇ ಹಿಡೀಬೇಕು. ಹಿಂದಿನ ದಿನಾನೇ ಬಂದುಬಿಡ್ರಿ, ಮದ್ವೆ ದಿನ ಆಟೋ ಕಾಯ್ಕಂಡು ಕುಂದರಬ್ಯಾಡ್ರಿ” ಎಂದಳು. ನನ್ನನ್ನು ನೋಡಲಿಲ್ಲ, ಟಿವಿಯ ಕಡೆಯೇ ಮುಖ. ಪರದೆಯಲ್ಲಿ ಅವಳು ಇನ್ನೂ ಕಳಸ ಹಿಡಿದೇ ನಿಂತಿದ್ದಳು.

ನಾನು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ತಲೆಯಾಡಿಸಿದೆ. ನನಗೆ ಬೇಕಾಗಿದ್ದ ಮಾತು ಇನ್ನೂ ಬಂದಿರಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಅಕ್ಕ ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಆಮೇಲೆ ನನ್ನನ್ನು, ಅದರಲ್ಲೂ ನನ್ನ ಹೊಟ್ಟೆಯನ್ನು.

“ಹುಡುಗಿ ಭಾರ ಆಗ್ಯಾಳೆ” ಎಂದಳು. “ಮಂಟಪದ ತನಕ ಎತ್ಕಂಡು ಬರಾಕೆ ಆಗ್ತೈತೇನೋ ನಿನಗೆ?”

ಅಕ್ಷತಾ “ಬ್ಯಾಡ ಮಾಮ, ಬ್ಯಾಡ!” ಎಂದು ಕೂಗುತ್ತಾ ಹಿತ್ತಲಿಗೆ ಓಡಿದಳು. ತಟ್ಟೆ ಕೆಳಗಿಟ್ಟು, ಅಂಗಿಯ ತೋಳು ಮಡಚಿಕೊಂಡು ನಾನು ಆಗಲೇ ಎದ್ದು ನಿಂತಿದ್ದೆ.